ಅಟ್ಟದ ಸಾಮಾನೂ ಮನೆಯ ಬೆಕ್ಕೂ

ಕಳೆದ ಯುಗಾದಿಗೆ ಎರಡು ದಿನ ಮುಂಚೆ ಬೆಂಗಳೂರಿನಿಂದ ಸೊಸೆ ಫೋನ್ ಮಾಡಿದ್ದಳು. ಹಬ್ಬದ ಮಾತೆಲ್ಲ ಮುಗಿದ ಮೇಲೆ, "ಮಾವ, ಬೆಕ್ಕಿಗೆ ಅಂತ ಒಂದು ಮರ ತರಿಸಿದೆವು, ಎಂಟು ಸಾವಿರ ರೂಪಾಯಿ ಆಯಿತು. ಅದು ಆ ಕಡೆ ತಿರುಗಿಯೂ ನೋಡುತ್ತಿಲ್ಲ" ಎಂದಳು. ಮರವೆಂದರೆ ನಿಜವಾದ ಮರವಲ್ಲ. ಮೂರು ಅಂತಸ್ತಿನ, ಮೆತ್ತನೆಯ ಬಟ್ಟೆ ಹೊದಿಸಿದ, ಕಂಬಕ್ಕೆ ಹಗ್ಗ ಸುತ್ತಿದ ಒಂದು ಗೂಡು. "ಹಾಗಾದರೆ ಬೆಕ್ಕು ಎಲ್ಲಿ ಮಲಗುತ್ತದಮ್ಮ?" ಎಂದು ಕೇಳಿದೆ. "ಆ ಮರ ಬಂತಲ್ಲ ಮಾವ, ಅದರ ರಟ್ಟಿನ ಪೆಟ್ಟಿಗೆಯಲ್ಲಿ" ಎಂದಳು. ಇಬ್ಬರೂ ಬಹಳ ಹೊತ್ತು ನಕ್ಕೆವು.

ನಗೆಯೇನೋ ಮುಗಿಯಿತು, ಆದರೆ ಆ ವಿಚಾರ ಮನಸ್ಸಿನಿಂದ ಹೋಗಲಿಲ್ಲ. ಸಾಕುಪ್ರಾಣಿಗಳಿಗೆ ಪೀಠೋಪಕರಣಗಳನ್ನು ಹಣ ತೆತ್ತು ತರಬೇಕಾಗಿಲ್ಲ, ನಮ್ಮ ಮನೆಗಳ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ, ಮಂಚದ ಕೆಳಗೆ ಬಿದ್ದಿರುವ ಹಳೆಯ ಸಾಮಾನುಗಳೇ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಮತ. ಇದನ್ನು ನಾನು ಅನೇಕರ ಮುಂದೆ ಹೇಳಿದ್ದೇನೆ. ಆದರೆ ಈ ಅಭಿಮತಕ್ಕೆ ನಾನೇ ಒಂದು ದೊಡ್ಡ ಬೆಲೆಯನ್ನೂ ತೆತ್ತಿದ್ದೇನೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲವೆಂದು ಈ ಬರಹ.

ನನ್ನ ಬಾಲ್ಯ ಕಳೆದದ್ದು ಅಜ್ಜಂಪುರದ ನಮ್ಮ ಹಿರಿಯರ ಮನೆಯಲ್ಲಿ. ಆಗ ಅಜ್ಜಂಪುರವು ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಊರೆಂದರೆ ದನಕರುಗಳ ಊರು. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿರುವ ಊರಾದ್ದರಿಂದ, ಕೊಂಬು ಹಿಂದಕ್ಕೆ ಬಾಗಿದ ಆ ಬೂದುಬಣ್ಣದ ಹಸುಗಳನ್ನು ಕಾವಲಿನಲ್ಲಿ ನೋಡುತ್ತ ಬೆಳೆದವರು ನಾವು. ಬಯಲಿನಲ್ಲಿ ಹುಟ್ಟಿ ಬಯಲಿನಲ್ಲೇ ಮಲಗುವ ಆ ಹಸುಗಳಿಗೆ ಯಾರೂ ಏನನ್ನೂ ಮಾಡಿಸಿಕೊಡಬೇಕಾಗಿರಲಿಲ್ಲ. ಮನೆಯೊಳಗಿನ ಪ್ರಾಣಿಗಳ ಮಾತು ಬೇರೆ. ಅವಕ್ಕೆ ಒಂದೊಂದಕ್ಕೂ ಒಂದೊಂದು ಜಾಗವಿತ್ತು. ಆದರೆ ಅದು ಅವಕ್ಕೆಂದೇ ಕೊಂಡದ್ದಾಗಿರಲಿಲ್ಲ. ಬುಡ ಒಡೆದ ಬಿದಿರಿನ ಕುಕ್ಕೆಯಲ್ಲಿ ಭತ್ತದ ಹುಲ್ಲು ಹಾಸಿದರೆ ಅದೇ ಕೋಳಿ ಕಾವು ಕೂರುವ ಸ್ಥಳ. ಇಪ್ಪತ್ತೊಂದು ದಿನ ಅದನ್ನು ಯಾರೂ ಮುಟ್ಟುವಂತಿಲ್ಲ. ಮೆಟ್ಟಿಲು ಮುರಿದ ಏಣಿಯನ್ನು ಕೊಟ್ಟಿಗೆಯಲ್ಲಿ ಅಡ್ಡಲಾಗಿ ಕಟ್ಟಿದರೆ ರಾತ್ರಿ ಕೋಳಿಗಳು ಅದರ ಮೇಲೆ ಸಾಲಾಗಿ ಕೂರುತ್ತಿದ್ದವು. ಒಂದು ಕಾಲು ಹೋದ ಬೆಂಚನ್ನು ಅಜ್ಜಿ ಒಲೆಯ ಪಕ್ಕದ ಗೋಡೆಗೆ ಕಲ್ಲು ಕೊಟ್ಟು ನಿಲ್ಲಿಸಿದ್ದಳು, ಹಾಲಿನ ಪಾತ್ರೆ ಇಡಲೆಂದು. ಅದರ ಮೇಲೆ ಹಾಲಿಗಿಂತ ಹೆಚ್ಚು ಹೊತ್ತು ಇರುತ್ತಿದ್ದದ್ದು ಬೆಕ್ಕು. ಕೊನೆಗೆ ಹಾಲಿನ ಪಾತ್ರೆಯೇ ನೆಲುವಿಗೆ ಏರಿತು, ಬೆಂಚು ಬೆಕ್ಕಿನದಾಯಿತು.

(ಗಿಳಿಯ ಪಂಜರವೂ ಇತ್ತೆಂಬುದನ್ನು ಬರೆಯದಿದ್ದರೆ ಅಕ್ಕ ಜ್ಞಾಪಿಸುತ್ತಾಳೆ. ಇತ್ತು. ಇಂದು ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಅಪರಾಧವಾದದ್ದು ಒಳ್ಳೆಯದೇ ಆಯಿತು. ಆ ಪಂಜರದಲ್ಲಿ ಈಗ ನನ್ನ ಮನೆಯ ಹಿತ್ತಲಲ್ಲಿ ದೊಡ್ಡಪತ್ರೆಯ ಕುಂಡವಿದೆ.)

ಮುಂದೆ ಕೆಲಸದ ನಿಮಿತ್ತ ತರೀಕೆರೆಯಲ್ಲಿ ಕೆಲವು ವರ್ಷ, ಕಡೂರಿನಲ್ಲಿ ಉಳಿದ ವರ್ಷಗಳನ್ನು ಕಳೆದೆ. ಮೂರೂ ಊರುಗಳು ಒಂದೇ ಜಿಲ್ಲೆಯವು, ಹತ್ತಿರ ಹತ್ತಿರದವು. ಆದರೂ ಪ್ರಾಣಿಗಳ ಹಾಸಿಗೆಯ ವಿಷಯದಲ್ಲಿ ಒಂದು ಊರಿನ ಪಾಠ ಇನ್ನೊಂದು ಊರಿಗೆ ಒಗ್ಗದೆಂಬುದನ್ನು ನಿಧಾನವಾಗಿ ಕಲಿತೆ. ತರೀಕೆರೆ ಅರೆಮಲೆನಾಡು. ಆಷಾಢದಲ್ಲಿ ಲಕ್ಕವಳ್ಳಿಯ ಕಡೆಯಿಂದ ಮೋಡ ಇಳಿದರೆ ಗಾರೆಯ ನೆಲ ಬೆವರುತ್ತದೆ, ನೆಲದ ಮೇಲೆ ಹಾಸಿದ ಗೋಣಿತಾಟು ಎರಡು ದಿನಕ್ಕೆ ಮುಗ್ಗಲು ಹಿಡಿಯುತ್ತದೆ. ಅಲ್ಲಿ ನಾಯಿಗೆ ನೆಲದಿಂದ ಒಂದು ಗೇಣಾದರೂ ಎತ್ತರದ ಹಾಸು ಬೇಕೇ ಬೇಕು. ಕಡೂರಿನ ಏಪ್ರಿಲ್ ತಿಂಗಳಿನಲ್ಲಿ ಅದೇ ನಾಯಿಗೆ ಮೆತ್ತನೆಯ ಹಾಸಿಗೆ ಹಾಕಿಕೊಟ್ಟರೆ ಅದು ನಿಮ್ಮ ಮುಖ ನೋಡಿ, ಹಾಸಿಗೆಯನ್ನು ಬಿಟ್ಟು, ಬಚ್ಚಲಮನೆಯ ಬಾಗಿಲಲ್ಲಿ ತಣ್ಣನೆಯ ಕೆಂಪು ನೆಲದ ಮೇಲೆ ಹೊಟ್ಟೆ ಒತ್ತಿ ಮಲಗುತ್ತದೆ. ಅದರಲ್ಲಿ ಮುನಿಸೇನೂ ಇಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುವುದರಿಂದಲೂ ತಣ್ಣನೆಯ ನೆಲಕ್ಕೆ ಮೈ ತಾಗಿಸುವುದರಿಂದಲೂ ಅದು ಸೆಕೆಯನ್ನು ಕಳೆದುಕೊಳ್ಳಬೇಕು.

ಆದ್ದರಿಂದ ನನ್ನ ಮೊದಲ ಮಾತು ಇಷ್ಟೇ. ಏನನ್ನಾದರೂ ಮಾಡುವ ಮೊದಲು ಒಂದು ವಾರ ಪ್ರಾಣಿಯನ್ನು ಸುಮ್ಮನೆ ನೋಡಿರಿ. ಅದು ಬೆಳಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ, ಮಳೆ ಬಂದಾಗ ಎಲ್ಲಿ ಮಲಗುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೋ ಕಾಲು ಚಾಚುತ್ತದೋ ಎಂಬುದನ್ನು ಗಮನಿಸಿರಿ. ಅಂಗಡಿಯವನಿಗೆ ಇದು ಗೊತ್ತಿರುವುದಿಲ್ಲ. ಅವನು ಮಾರುವುದು ನಮ್ಮ ಕಣ್ಣಿಗೆ ಚೆಂದ ಕಾಣುವುದನ್ನು. ಸೋಫಾದ ಆಕಾರದ ನಾಯಿಹಾಸಿಗೆಯನ್ನು ಯಾವ ನಾಯಿಯೂ ಕೇಳಿದ್ದಲ್ಲ.

ಈ ವಿಷಯದಲ್ಲಿ ನನ್ನ ಮೊಮ್ಮಗಳು ಅವಳ ತಾಯಿಗಿಂತ ಜಾಣೆ ಎನ್ನಬೇಕು. ಸ್ವೀಡನ್ ಮೂಲದ ಐಕಿಯಾ ಕಂಪನಿ 2022ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆಯಿತಲ್ಲ, ಅಲ್ಲಿಂದ ತಂದ ಒಂದು ಪುಟ್ಟ ಚೌಕ ಮೇಜು ಅವರ ಮನೆಯಲ್ಲಿತ್ತು. ಅದರ ಮೇಲ್ಮೈ ಮೇಲೆ ಬಿಸಿ ಪಾತ್ರೆಯಿಟ್ಟು ಕಲೆಯಾಯಿತೆಂದು ಎಸೆಯಲು ಹೊರಟಿದ್ದರು. ಅವಳು ಅದನ್ನು ತಲೆಕೆಳಗು ಮಾಡಿದಳು. ಮೇಲಾಗಿ ನಿಂತ ನಾಲ್ಕು ಕಾಲುಗಳ ನಡುವೆ, ನೆಲದಿಂದ ಒಂದು ಗೇಣಿನ ಎತ್ತರದಲ್ಲಿ, ಅಜ್ಜಿಯ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಜೋಲಿಯಂತೆ ಕಟ್ಟಿದಳು. ಬೆಕ್ಕು ಅಂದೇ ಏರಿ ಮಲಗಿತು. ಈ ಉಪಾಯ ಜಗತ್ತಿನ ತುಂಬ ಅನೇಕರು ಮಾಡುವಂಥದ್ದಂತೆ. ಅಗ್ಗದ ಮೇಜು, ಸ್ಟೂಲು, ಕಪಾಟುಗಳನ್ನು ಬೆಕ್ಕುನಾಯಿಗಳಿಗೆ ಒಗ್ಗಿಸುವುದೇ ಒಂದು ಹವ್ಯಾಸವಾಗಿದೆಯಂತೆ. ಆದರೆ ಅಂಥ ಮೇಜುಗಳಿಗೂ ನಮ್ಮ ಹಲಸು ತೇಗದ ಸಾಮಾನುಗಳಿಗೂ ವ್ಯತ್ಯಾಸವುಂಟು. ಆ ಮೇಜಿನ ಹಲಗೆಯ ಒಳಗೆ ಇರುವುದು ಜೇನುಗೂಡಿನಂತೆ ಮಡಿಸಿದ ಕಾಗದ. ಅದಕ್ಕೆ ಹೊಡೆದ ಮೊಳೆ ನಿಲ್ಲದು, ಅಂಚಿನಲ್ಲಿ ನೀರು ಹೊಕ್ಕರೆ ಉಬ್ಬುತ್ತದೆ. ಕಟ್ಟುವುದು, ಅಂಟಿಸುವುದು ಆದೀತು, ಮೊಳೆ ಬೇಡ. ನಾಯಿಮರಿ ಕಚ್ಚುವ ಮನೆಯಲ್ಲಂತೂ ಅದು ಬೇಡವೇ ಬೇಡ, ಕಚ್ಚಿದ ಪುಡಿ ಹೊಟ್ಟೆಗೆ ಹೋಗುತ್ತದೆ.

ಇನ್ನು ನನ್ನ ಸ್ವಂತ ಸಾಹಸಗಳು. ಕಡೂರಿನಲ್ಲಿ ನನ್ನ ಬಳಿ ಓದಿದವರಿಗೆ ನಮ್ಮ ಮನೆಯ ಟಿವಿ ನೆನಪಿರಬಹುದು. 1988ರಲ್ಲಿ ಭಾನುವಾರ ಬೆಳಗ್ಗೆ ಮಹಾಭಾರತ ಆರಂಭವಾದಾಗ ನಿಮ್ಮಲ್ಲಿ ಎಷ್ಟು ಮಂದಿ ನಮ್ಮ ಹಜಾರದಲ್ಲಿ ಚಾಪೆಯ ಮೇಲೆ ಕೂತಿರಲಿಲ್ಲ! ಮರದ ಪೆಟ್ಟಿಗೆ, ಮುಂದೆ ಎರಡೂ ಕಡೆಗೆ ಸರಿಯುವ ಬಾಗಿಲು, ಕೆಳಗೆ ನಾಲ್ಕು ಕಾಲು. ಅದು ಕೆಟ್ಟು ಮೂಲೆಗೆ ಸೇರಿ ಬಹಳ ವರ್ಷಗಳಾಗಿದ್ದವು. ಗುಜರಿಯವನು ಐವತ್ತು ರೂಪಾಯಿ ಎಂದ. ಐವತ್ತು ರೂಪಾಯಿಗೆ ಭೀಷ್ಮದ್ರೋಣರನ್ನು ಮಾರಲು ಮನಸ್ಸು ಬರಲಿಲ್ಲ. ಟಿವಿ ರಿಪೇರಿ ಮಾಡುವವರನ್ನು ಕರೆಸಿ ಒಳಗಿನದ್ದೆಲ್ಲ ತೆಗೆಸಿದೆ. ಇಲ್ಲಿ ಒಂದು ಎಚ್ಚರಿಕೆ: ಆ ಕೆಲಸಕ್ಕೆ ನೀವೇ ಕೈಹಾಕಬೇಡಿರಿ. ಪಿಕ್ಚರ್ ಟ್ಯೂಬಿನಲ್ಲಿ ಟಿವಿ ಆರಿಸಿದ ಮೇಲೂ ಅಪಾಯಕಾರಿಯಾದ ವಿದ್ಯುತ್ತು ಉಳಿದಿರಬಹುದು; ಒಡೆದರೆ ಗಾಜು ಸಿಡಿಯುತ್ತದೆ, ಆ ಗಾಜಿನಲ್ಲಿ ಸೀಸವೂ ಇರುತ್ತದೆ.

ಬರಿದಾದ ಪೆಟ್ಟಿಗೆಯನ್ನು ಹೊತ್ತುಕೊಂಡು, ಮರಗೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಗೆ ಹೋದೆ. ಏಳನೆಯ ತರಗತಿಯಲ್ಲಿ ಭಿನ್ನರಾಶಿ ಬಾರದೆ ನನ್ನಿಂದ ಪೆಟ್ಟು ತಿಂದಿದ್ದವನು, ಈಗ ಇಂಚಿನ ಹದಿನಾರನೆಯ ಒಂದು ಭಾಗವನ್ನು ಕಣ್ಣಳತೆಯಲ್ಲೇ ಹೇಳುತ್ತಾನೆ. "ಮೇಷ್ಟ್ರೇ, ಬೆಕ್ಕಿಗಾ ಇದು?" ಎಂದು ಒಮ್ಮೆ ನನ್ನನ್ನೂ ಒಮ್ಮೆ ಪೆಟ್ಟಿಗೆಯನ್ನೂ ನೋಡಿದ. ಆದರೂ ಶ್ರದ್ಧೆಯಿಂದ ಮಾಡಿಕೊಟ್ಟ. ಸರಿಯುವ ಬಾಗಿಲುಗಳಲ್ಲಿ ಒಂದನ್ನು ಮುಚ್ಚಿ ಮೊಳೆ ಹೊಡೆದ, ಇನ್ನೊಂದನ್ನು ಒಂದು ಗೇಣಿನಷ್ಟು ತೆರೆದಿಟ್ಟು ಸರಿಯದಂತೆ ಬಿಗಿ ಮಾಡಿದ. ಹಿಂಬದಿಯಲ್ಲಿ ಗಾಳಿಗೆಂದು ಮೊದಲೇ ರಂಧ್ರಗಳಿದ್ದವು. ಪಕ್ಕದಲ್ಲಿ ಇನ್ನೊಂದು ದಾರಿ ಕೊರೆದ. ಇನ್ನೊಂದು ದಾರಿಯೇಕೆಂದು ಅವನು ಕೇಳಿದ್ದಕ್ಕೆ, ನಾಯಿ ಮುಂದೆ ಬಂದು ನಿಂತರೆ ಬೆಕ್ಕಿಗೆ ಹಿಂದಿನಿಂದ ಹೋಗಲು ಬೇಡವೇ ಎಂದೆ. ಬೆಕ್ಕಿನ ಸ್ವಭಾವವೇ ಹಾಗೆ. ಬೆನ್ನಿಗೆ ಗೋಡೆ, ತಲೆಗೆ ಸೂರು, ಕಣ್ಣಿಗೆ ದಾರಿ, ಓಡಲು ಇನ್ನೊಂದು ಬಾಗಿಲು, ಇಷ್ಟಿದ್ದರೆ ಅದಕ್ಕೆ ನಿದ್ದೆ.

ಅವನೇ ಸೂಚಿಸಿದ ಇನ್ನೊಂದು ಉಪಾಯ ಇದಕ್ಕಿಂತ ಸರಳವಾದದ್ದು. ಬೆಕ್ಕು ಉಗುರು ಉಜ್ಜಲು ಬಾಗಿಲಿನ ಚೌಕಟ್ಟನ್ನೂ ಬೆತ್ತದ ಕುರ್ಚಿಯನ್ನೂ ಹಾಳುಮಾಡುತ್ತದೆ. ಬೈದು ಪ್ರಯೋಜನವಿಲ್ಲ, ಉಗುರಿನ ಹಳೆಯ ಪೊರೆಯನ್ನು ಕಳಚಿಕೊಳ್ಳಲು ಅದು ಉಜ್ಜಲೇಬೇಕು. ಮುರಿದ ಮಂಚದ ಕಾಲೊಂದನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದಕ್ಕೆ ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿದರಾಯಿತು. ತೆಂಗಿನ ತೋಟಗಳ ನಡುವೆ ಇರುವ ಕಡೂರಿನವರು ನಾರಿನ ಹಗ್ಗಕ್ಕಾಗಿ ದೂರ ಹೋಗಬೇಕೇ? ಮಂಚದ ಕಾಲು ಗಿಡ್ಡವಾದರೆ ಹಳೆಯ ಒನಕೆ ಇನ್ನೂ ಉತ್ತಮ. ಬೆಕ್ಕು ಹಿಂಗಾಲಿನ ಮೇಲೆ ನಿಂತು ಪೂರ್ತಿ ಮೈ ಚಾಚಬೇಕು, ಅಂದರೆ ಎರಡೂವರೆ ಮೂರು ಅಡಿ ಎತ್ತರ ಬೇಕು. ಮೈಭಾರ ಹಾಕಿದಾಗ ಅಲುಗಾಡಬಾರದು. ಒಮ್ಮೆ ವಾಲಿದರೆ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಸೊಸೆ ತರಿಸಿದ ಎಂಟು ಸಾವಿರದ ಮರಕ್ಕೆ ಬುಡ ಸಾಲದೆ ವಾಲುತ್ತಿತ್ತೆಂದು ಆಮೇಲೆ ತಿಳಿಯಿತು.

ನಾಯಿಗೆ ಮಾಡಿದ್ದು ನವಾರಿನ ಮಂಚ. ಹಳೆಯ ಮಂಚದ ಕಾಲುಗಳನ್ನು ಕೊಯ್ದು ಗಿಡ್ಡ ಮಾಡಿ, ಹರಿದ ನವಾರನ್ನು ತೆಗೆದು, ಉಳಿದ ಗಟ್ಟಿಯಾದದ್ದನ್ನೇ ಮತ್ತೆ ಬಿಗಿಯಾಗಿ ನೇಯ್ದದ್ದು. ಕೆಳಗೆ ಗಾಳಿಯಾಡುವುದರಿಂದ ಬೇಸಿಗೆಗೂ ಆದೀತು, ಮಳೆಗಾಲಕ್ಕೂ ಆದೀತು. ನಮ್ಮ ರಾಜ ಎಂಟು ವರ್ಷ ಅದರ ಮೇಲೆ ಮಲಗಿದ.

ಈಗ ಆ ಬೆಲೆ ತೆತ್ತ ಸಂಗತಿ. ನಿವೃತ್ತನಾದ ಕೆಲವು ವರ್ಷಗಳ ಮೇಲೆ, 2011ರ ಮಳೆಗಾಲದಲ್ಲಿ, ನಮ್ಮ ಹೆಣ್ಣುಬೆಕ್ಕು ಎರಡು ಮರಿ ಹಾಕಿತು. ಇದಕ್ಕೂ ಒಂದು ಹಳೆಯ ಸಾಮಾನೇ ಆಗಬೇಕೆಂದು ಹಠ ತೊಟ್ಟು, ಅಟ್ಟದಿಂದ ತಂದೆಯವರ ಕಾಲದ ಮರದ ಪೆಟ್ಟಿಗೆಯನ್ನು ಇಳಿಸಿದೆ. ಕಂಬಳಿ, ಕೋಟು, ಹಳೆಯ ಪಠ್ಯಪುಸ್ತಕಗಳನ್ನು ಇಡುತ್ತಿದ್ದ ಪೆಟ್ಟಿಗೆ. ಒಂದು ಬಗೆಯ ಮುಗ್ಗಲು ವಾಸನೆ ಇತ್ತು. ಹಳೆಯ ಮರವೆಂದರೆ ಹಾಗೆಯೇ ಎಂದುಕೊಂಡೆ. ಒದ್ದೆ ಬಟ್ಟೆಯಿಂದ ಒರೆಸಿ, ಹುಲ್ಲು ಹಾಸಿ, ತಾಯಿಯನ್ನೂ ಮರಿಗಳನ್ನೂ ಅದರಲ್ಲಿ ಇಟ್ಟೆ. ನನ್ನ ಹೆಂಡತಿ, "ಒಂದೆರಡು ದಿನ ಬಿಸಿಲಿಗಾದರೂ ಇಡಬಾರದೇ?" ಎಂದಳು. ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದೆ.

ಮೂರನೆಯ ದಿನ ಒಂದು ಮರಿ ಬಾಯಲ್ಲಿ ಜೊಲ್ಲು ಸುರಿಸುತ್ತ ನಡುಗತೊಡಗಿತು. ಎತ್ತಿಕೊಂಡು ಪಶುವೈದ್ಯರ ಬಳಿಗೆ ಓಡಿದೆ. ಅವರು ಮರಿಯನ್ನು ನೋಡಿ, ಮೊದಲು ಕೇಳಿದ ಪ್ರಶ್ನೆ, "ಮೇಷ್ಟ್ರೇ, ಇದು ಎಲ್ಲಿ ಮಲಗುತ್ತಿತ್ತು?" ಎಂದು. ಹೇಳಿದೆ. "ಆ ಪೆಟ್ಟಿಗೆಗೆ ಏನಾದರೂ ಪುಡಿ ಹಾಕುತ್ತಿದ್ದಿರಾ?" ಎಂದರು. ಆಗ ನೆನಪಾಯಿತು. ಗೆದ್ದಲು ಹಿಡಿಯಬಾರದೆಂದು ತಂದೆಯವರೂ ಅವರ ಬಳಿಕ ನಾನೂ ಪ್ರತಿವರ್ಷ ಅದರ ಮೂಲೆಗಳಿಗೆ ಗಮಾಕ್ಸಿನ್ ಪುಡಿಯನ್ನು ಧಾರಾಳವಾಗಿ ತುಂಬುತ್ತಿದ್ದೆವು. ನುಸಿಗುಳಿಗೆಗಳೂ ಬೀಳುತ್ತಿದ್ದವು. ಆ ಪುಡಿ 1997ರಲ್ಲೇ ದೇಶದಲ್ಲಿ ನಿಷೇಧವಾಯಿತು. ಆದರೆ ಮರದ ಸಂದಿಗಳಿಗೆ ಆ ಸುದ್ದಿ ತಲುಪಿರಲಿಲ್ಲ. ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ಮೈಗೆ ಅಂಟಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಆ ಮರಿ ಅಂದು ಸಂಜೆ ಸತ್ತಿತು. ಇನ್ನೊಂದನ್ನೂ ತಾಯಿಯನ್ನೂ ಮೈ ತೊಳೆದು, ಔಷಧಿ ಕೊಟ್ಟು ವೈದ್ಯರು ಉಳಿಸಿಕೊಟ್ಟರು.

ಮಿತವ್ಯಯದ ಬಗ್ಗೆ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ, ತನ್ನ ಪೆಟ್ಟಿಗೆಯ ಇತಿಹಾಸ ನೆನಪಿರಲಿಲ್ಲ. ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮರಿಯನ್ನು ಹಿತ್ತಲ ನುಗ್ಗೆಮರದ ಬುಡದಲ್ಲಿ ಹೂಳಿ ಬಂದು, ಪೆಟ್ಟಿಗೆಯನ್ನು ತಾನೇ ಹೊರಗೆಳೆದು ಇಟ್ಟಳು. ಈಗ ಅವಳೂ ಇಲ್ಲ.

ಅಂದಿನಿಂದ ಯಾವ ಹಳೆಯ ಸಾಮಾನನ್ನಾದರೂ ಪ್ರಾಣಿಗೆ ಕೊಡುವ ಮೊದಲು, ಅದು ಏನನ್ನು ಕಂಡಿದೆ ಎಂದು ವಿಚಾರಿಸುತ್ತೇನೆ. ಅಟ್ಟದ ಮೇಲಿದ್ದದ್ದೇ, ಪುಡಿ ಬಿದ್ದಿದೆಯೇ? ಬಿದ್ದಿರುವ ಸಂಶಯವಿದ್ದರೂ ಅದು ಪ್ರಾಣಿಗೆ ಬೇಡ. ತೊಳೆದರೆ ಹೋಗುತ್ತದೆಂದು ನಂಬಬೇಡಿರಿ. ಬಣ್ಣ ಬಳಿದದ್ದೇ? ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ ತೊಂಬತ್ತನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ, ಸಿಪ್ಪೆ ಏಳುತ್ತಿರುವ ಹಸಿರು ಹಳದಿ ಬಣ್ಣದ ಸ್ಟೂಲನ್ನು ಕಚ್ಚುವ ನಾಯಿಮರಿಯ ಮುಂದೆ ಇಡಬಾರದು. ಮನೆಯೊಳಗೆ ಕೂತು ಅದನ್ನು ಉಜ್ಜಿ ಪುಡಿ ಎಬ್ಬಿಸುವುದೂ ತಪ್ಪು, ಮಕ್ಕಳಿದ್ದ ಮನೆಯಲ್ಲಂತೂ ದೊಡ್ಡ ತಪ್ಪು. ಬಣ್ಣ ಕಾಣದ ಬರಿಯ ಮರ, ಬಿದಿರು, ನಾರು, ಹತ್ತಿಬಟ್ಟೆ ಇವೇ ಒಳ್ಳೆಯವು. ಫಿನಾಯಿಲಿನಿಂದ ಒರೆಸುವ ಅಭ್ಯಾಸವನ್ನೂ ಬೆಕ್ಕಿನ ಹಾಸಿಗೆಯ ಬಳಿ ಬಿಡಬೇಕು. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಉಣ್ಣೆ, ಚಿಗಟಗಳಿಗೆ ನಮ್ಮ ಹಿರಿಯರು ತಿಗಣೆಯ ಮಂಚಕ್ಕೆ ಮಾಡುತ್ತಿದ್ದುದನ್ನೇ ಮಾಡಿದರೆ ಬಹುಮಟ್ಟಿಗೆ ಸಾಕು: ಸಂದಿಗಳಿಗೆ ಕುದಿಯುವ ನೀರು, ಆಮೇಲೆ ಕಡುಬಿಸಿಲು. ಚಿಗಟದ ಮೊಟ್ಟೆ ಮರಿಗಳು ಹೆಚ್ಚಾಗಿ ಇರುವುದು ಪ್ರಾಣಿಯ ಮೈಮೇಲಲ್ಲ, ಅದರ ಹಾಸಿಗೆಯಲ್ಲಿ. ಆದ್ದರಿಂದ ಹಾಸು ಬಟ್ಟೆ ವಾರಕ್ಕೊಮ್ಮೆಯಾದರೂ ಒಗೆಯಲು ಬರುವಂತಿರಬೇಕು.

ಈ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ದಾಯಾದಿ ಅಣ್ಣನೊಬ್ಬ, "ಎಷ್ಟೋ ಮನೆಗಳಲ್ಲಿ ಮಕ್ಕಳಿಗೇ ಮಂಚವಿಲ್ಲ, ನಿನ್ನ ನಾಯಿಗೆ ಮಂಚ!" ಎಂದು ಹಂಗಿಸುತ್ತಾನೆ. ಅವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗಟ್ಟಿಯಾಗಿರುವ ಮಂಚ ಮನೆಯಲ್ಲಿದ್ದರೆ ಅದು ಮೊದಲು ಸೇರಬೇಕಾದದ್ದು ಮನುಷ್ಯರಿಗೇ. ತರೀಕೆರೆಯಲ್ಲಿದ್ದಾಗಿನ ನಮ್ಮ ತೇಗದ ಮಂಚ ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬ ಹೆಂಗಸಿನ ಮನೆಗೆ ಹೋಯಿತು. ಪ್ರಾಣಿಗೆ ಬಂದದ್ದು ಮುರಿದದ್ದು, ಯಾರೂ ಒಲ್ಲೆನೆಂದದ್ದು. ಎಂಟು ಸಾವಿರ ಕೊಟ್ಟು ತರುವುದಕ್ಕೆ ನನ್ನ ವಿರೋಧವಿರುವುದೂ ಇದೇ ಕಾರಣಕ್ಕೆ. ಅಣ್ಣನೂ ನಾನೂ ಅಷ್ಟರಮಟ್ಟಿಗೆ ಒಂದೇ ಪಕ್ಷ.

ಕೊನೆಗೆ ಉಳಿದದ್ದು ತೊಟ್ಟಿಲು. ಬಂಧುಗಳಲ್ಲಿ ಹಲವರು ಇದಕ್ಕಾಗಿಯೇ ಈ ಬರಹವನ್ನು ಕಾಯುತ್ತಿದ್ದೀರೆಂದು ಬಲ್ಲೆ. ಅಜ್ಜಂಪುರದ ಮನೆಯ ಹಲಸಿನ ಮರದ ತೊಟ್ಟಿಲಿನಲ್ಲಿ ನಾನು, ಅಕ್ಕ, ನನ್ನ ಮಕ್ಕಳು ಎಲ್ಲರೂ ಮಲಗಿದ್ದೇವೆ. ಒಂದು ಪಕ್ಕದ ಕಡ್ಡಿಗಳು ಮುರಿದಿವೆ. ಮನೆಯಲ್ಲಿ ತೊಟ್ಟಿಲಿಡುವ ಮಕ್ಕಳು ಇನ್ನು ಹುಟ್ಟುವುದು ಬೆಂಗಳೂರಿನ ಆಸ್ಪತ್ರೆಯಲ್ಲಿ. ಅವರಿಗೆ ಈ ತೊಟ್ಟಿಲು ಬೇಕಾಗದು. ಕಳೆದ ಚಳಿಗಾಲದಲ್ಲಿ ಬೀದಿಯ ಹೆಣ್ಣುನಾಯಿಯೊಂದು ನಮ್ಮ ಜಗಲಿಯ ಕೆಳಗೆ ನಾಲ್ಕು ಮರಿ ಹಾಕಿದಾಗ, ಮುರಿದ ಪಕ್ಕವನ್ನು ಬಾಗಿಲಾಗಿ ಬಿಟ್ಟು, ತೊಟ್ಟಿಲನ್ನು ನೆಲದ ಮೇಲಿಟ್ಟು, ಹುಲ್ಲು ಹಾಸಿ ಕೊಡಲೇ ಎಂದು ಯೋಚಿಸಿದೆ. ತೊಟ್ಟಿಲಿಗೆ ಯಾವ ಪುಡಿಯೂ ಬಿದ್ದಿಲ್ಲ, ಬಣ್ಣವಿಲ್ಲ; ಅದನ್ನು ಮಾತ್ರ ಹೆಂಡತಿ ವರ್ಷಕ್ಕೊಮ್ಮೆ ಎಣ್ಣೆ ಸವರಿ ನಡುಮನೆಯಲ್ಲೇ ಇಟ್ಟಿದ್ದಳು. ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅಕ್ಕ ಒಂದು ನಿಮಿಷ ಸುಮ್ಮನಿದ್ದು, "ಅಮ್ಮ ತೂಗಿದ ತೊಟ್ಟಿಲಲ್ಲವೇನೋ ಅದು! ನಾಯಿಗೆ ಹಾಕುತ್ತೀಯಾ?" ಎಂದಳು. ಮರುದಿನ ಅವಳ ಮಕ್ಕಳೂ ಫೋನ್ ಮಾಡಿದರು.

ನನಗೆ ಅಕ್ಕನ ನೋವು ಅರ್ಥವಾಗುತ್ತದೆ. ಆದರೆ ಕಂಬದ ಮರೆಯಲ್ಲಿ ಧೂಳು ತಿನ್ನುತ್ತ ನಿಂತ ತೊಟ್ಟಿಲನ್ನು ನೋಡಿದಾಗಲೂ ನನಗೆ ನೋವೇ ಆಗುತ್ತದೆ. ತೂಗುವುದಕ್ಕಾಗಿ ಮಾಡಿದ್ದು ಅದು. ಚಳಿಗೆ ನಡುಗುವ ಮರಿಯನ್ನು ಅದರಲ್ಲಿ ಮಲಗಿಸಿದರೆ ಅಮ್ಮ ಬೇಡವೆನ್ನುತ್ತಿದ್ದಳೆಂದು ನನಗೆ ತೋರುವುದಿಲ್ಲ. ಅಮ್ಮನೇ ಒಂದು ಸಲ, ತಾಯಿ ಸತ್ತ ಕರುವನ್ನು ಅಡುಗೆಮನೆಯ ಒಲೆಯ ಪಕ್ಕ ತನ್ನ ಸೀರೆ ಹೊದಿಸಿ ಮಲಗಿಸಿದ್ದಳು. ಅಕ್ಕನಿಗೂ ಅದು ನೆನಪಿದೆ. ಆ ಮಾತೆತ್ತಿದರೆ ಫೋನ್ ಇಡುತ್ತಾಳೆ.

ಹೋದ ಚಳಿಗಾಲಕ್ಕೆ ಮರಿಗಳು ಬುಡ ಹೋದ ಒಂದು ಕುಕ್ಕೆಯಲ್ಲೇ ಬೆಳೆದವು. ಮೂರನ್ನು ಹಳೆಯ ವಿದ್ಯಾರ್ಥಿಗಳು ಒಯ್ದರು, ಒಂದು ನನ್ನಲ್ಲೇ ಉಳಿದಿದೆ. ತೊಟ್ಟಿಲು ಇನ್ನೂ ನಡುಮನೆಯಲ್ಲಿದೆ. ಈ ವರ್ಷ ಎಣ್ಣೆ ಸವರಿದವನು ನಾನು. ಅಕ್ಕ ದೀಪಾವಳಿಗೆ ಕಡೂರಿಗೆ ಬರುತ್ತಾಳೆ. ಆಗ ಎದುರಿಗೆ ಕೂತು ಮಾತಾಡೋಣವೆಂದಿದ್ದೇನೆ.